ಧೂಪದಾಳಕ್ಕೆ ಬಂದ ಕುಮಾರಿಯರು

ಬರೀ ಹಕ್ಕಿಗಳದ್ದೇ ಒಂದು ಜೂ ಇದೆ, ಬಾರೋ ಎಂದು ಮೈಸೂರಿನಿಂದ ಬಂದಿದ್ದ ಅಕ್ಕನ ಮಗನನ್ನು ಹೊರಡಿಸಿಕೊಂಡು ಜನವರಿಯ ಒಂದು ಮಧ್ಯಾಹ್ನ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಧೂಪದಾಳ ಹತ್ತಿರ. ಹುಡುಗ ಕಾರಂಜಿ ಕೆರೆಯ ಪಕ್ಷಿಮನೆ ಕಂಡವನು. ತಲುಪಿದ್ದೇ ತಡ, "ಮಾಮ, ಪಂಜರ ಎಲ್ಲಿ?" ಅಂದ.

ಪಂಜರ ಎಲ್ಲಿಂದ ಬರಬೇಕು ಸ್ವಾಮಿ! ಎದುರಿಗೆ ನೀರೋ ನೀರು. ಘಟಪ್ರಭಾ ನದಿಗೆ ಅಡ್ಡಲಾಗಿ 1897ರಲ್ಲಿ ಎದ್ದ ಒಡ್ಡು, ಅದರ ಹಿಂದೆ ನಿಂತ ಹಿನ್ನೀರು. ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು, ಕೆಳಗೆ ಮೂಡಲಗಿ ಸೀಮೆಗೂ ನೀರುಣಿಸುವ ಕಾಲುವೆ. ಕಟ್ಟಿದ್ದು ಹೊಲಗಳಿಗಾಗಿ. ಹಕ್ಕಿಗಳು ಕರೆಯದೆ ಬಂದ ನೆಂಟರು. 1974ರಲ್ಲಿ ಸರ್ಕಾರ ಇದನ್ನು ಪಕ್ಷಿಧಾಮ ಮಾಡಿತು, ಸುಮಾರು 30 ಚದರ ಕಿಲೋಮೀಟರ್.

ಆದರೆ ಆ ಸುಡುಬಿಸಿಲಲ್ಲಿ ಕಂಡದ್ದು ನಾಲ್ಕು ಬೆಳ್ಳಕ್ಕಿ, ಎರಡು ನೀರುಕಾಗೆ. ರೀಲು ಬಾರದ ಟಾಕೀಸಿನಲ್ಲಿ ಕೂತಂತಾಯಿತು ನಮ್ಮ ಪಾಡು. ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಅಜ್ಜ ನಕ್ಕರು: "ಸಂಜಿ ತನಕ ಕುಂದರ್ರಿ. ಅವು ನಿಮ್ಮ ಟೈಮಿಗೆ ಬರೂವಲ್ಲ."

ಹೊತ್ತು ಇಳಿಯಿತು. ಮೊದಲು ಕೇಳಿದ್ದು ದನಿ, ಆಮೇಲೆ ಆಕಾಶದಲ್ಲಿ ಗೆರೆ. ಅಬ್ಬಾ! ಡೆಮೊಯ್ಸೆಲ್ ಕೊಕ್ಕರೆಗಳು. ಮಂಗೋಲಿಯಾ, ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುವ ಜಾತಿ. ಬೂದು ಮೈ, ಕಪ್ಪು ಕುತ್ತಿಗೆ, ಕೆಂಪು ಕಣ್ಣು, ಅದರ ಹಿಂದೆ ಜೋತ ಬಿಳಿ ಕುಚ್ಚು. ಯಾವ ಮೇಕಪ್‌ಮ್ಯಾನ್ ಮಾಡಿಯಾನು ಇದನ್ನು? ಫ್ರೆಂಚ್ ಭಾಷೆಯಲ್ಲಿ ಡೆಮೊಯ್ಸೆಲ್ ಎಂದರೆ ಕುಮಾರಿ! ಕಾಲು ಚಾಚಿ, ಒಂದರ ಹಿಂದೊಂದು ನೀರಂಚಿಗೆ ಇಳಿದವು. ಹುಡುಗ ನನ್ನ ಕೈ ಹಿಡಿದವನು ಬಿಡಲಿಲ್ಲ.

"ಹಗಲೆಲ್ಲಾ ಎಲ್ಲಿರ್ತಾವಜ್ಜಾ?" ಅಂದೆ.

"ಹೊಲದಾಗ್ರಿ. ಕಡ್ಲಿ, ಜ್ವಾಳ ಆಯ್ಕೊಂಡು ತಿಂತಾವ. ಹೊಡ್ಯಾಂಗಿಲ್ಲ, ಹಾ ಹಾ ಅಂತ ಒದರಿ ಎಬ್ಬಸ್ತೀವಿ. ನಮ್ಮಪ್ಪನ ಕಾಲಕ್ಕ ಇಷ್ಟಲ್ಲ, ಆಕಾಶ ತುಂಬ್ತಿದ್ದುವಂತ. ಈಗ ನೀರು ಬಂತು, ಎಲ್ಲಾರೂ ಕಬ್ಬು ಹಚ್ಚೀವಿ. ಕಬ್ಬಿನ್ಯಾಗ ಅವೇನು ತಿನ್ನಬೇಕ್ರಿ?"

"ನೀವು?"

"ನಂದೂ ಮೂರು ಎಕರೆ ಕಬ್ಬ. ಫ್ಯಾಕ್ಟರಿಯವ್ರು ಕಡ್ಲಿ ತಗೊಳ್ಳಂಗಿಲ್ಲಲ್ಲ!" ಅಂದು ಎಮ್ಮೆ ಹೊಡೆದುಕೊಂಡು ಹೊರಟರು. ತಪ್ಪು ಯಾರದ್ದೆಂದು ಹೇಳಲಿ? ನಾನು ಕುಡಿಯುವ ಚಹಾಕ್ಕೂ ಸಕ್ಕರೆ ಬೇಕು.

ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಕರದಂಟು ಕಟ್ಟಿಸುವಾಗಲೂ ಹುಡುಗನ ಬಾಯಲ್ಲಿ ಪಂಜರದ ಮಾತಿಲ್ಲ. "ಮಾಮ, ಅಜ್ಜ ಒಂದು ಎಕರೆಗಾದರೂ ಕಡಲೆ ಹಾಕ್ತಾರಾ?" ಅಂತ ಎರಡು ಸಲ ಕೇಳಿದ.