ಹಿಂದೆ ಬರುವವರ ದೀಪ

ಹಳೇ ಕಾರು ಸಾಕುವವರ ಮನೆಗೆ ಹೋದರೆ ಮೊದಲು ಬಾನೆಟ್ ಎತ್ತಿ ತೋರಿಸುತ್ತಾರೆ. ಆಮೇಲೆ ಸ್ಟೀರಿಂಗ್, ಅದರ ಪಕ್ಕದ ಗೇರು, ಮೂಲ ಬಣ್ಣ ಉಳಿಸಿಕೊಂಡ ಸೀಟು. ಹಿಂದಕ್ಕೆ ಕರೆದುಕೊಂಡು ಹೋಗಿ ‘ಇಲ್ನೋಡಿ, ನನ್ನ ಬ್ರೇಕ್ ಲೈಟು’ ಅಂದವರನ್ನು ನಾನಂತೂ ಕಂಡಿಲ್ಲ. ಇಡೀ ಗಾಡಿಯಲ್ಲಿ ಓಡಿಸುವವರ ಕಣ್ಣಿಗೆ ಬೀಳದ ಭಾಗ ಅದು. ಹೆಡ್‌ಲೈಟ್ ಮಂಕಾದರೆ ರಸ್ತೆ ಕಾಣುವುದಿಲ್ಲ, ಹಾರ್ನ್ ಕೆಟ್ಟರೆ ಕಿವಿಗೆ ಗೊತ್ತಾಗುತ್ತದೆ. ಹಿಂದಿನ ದೀಪ ಕೆಟ್ಟದ್ದು ಗೊತ್ತಾಗುವುದು ಹಿಂದೆ ಬರುವವನಿಗೆ. ಅವನಿಗೂ ಕೆಲವು ಸಲ ತಡವಾಗಿ.

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಬೀದಿಯಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಅದು ‘ಮೇಷ್ಟ್ರ ಫಿಯೆಟ್ಟು’. ಹಾಗೆ ಕರೆದರೆ ತಪ್ಪೂ ಇಲ್ಲ. ಇಟಲಿಯ ಫಿಯೆಟ್ 1100 ಕಾರನ್ನು ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಇದೇ ಕಾರು ಎನ್ನುವಂತಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿಯೂ ಮುಗಿಯಿತು. ಆ ಸುದ್ದಿ ಬಂದ ಬೆಳಿಗ್ಗೆ ಅಪ್ಪ ಪೇಪರ್ ಮಡಚಿಟ್ಟು, ಏನೂ ಹೇಳದೆ ಹೊರಗೆ ಹೋಗಿ ಕಾರು ಒರೆಸಿದರು.

ಅಪ್ಪನಿಗೆ ಈಗ 74. ಹಾಸನದಿಂದ ಸಕಲೇಶಪುರದ ಕಡೆ ನಮ್ಮ ಸಣ್ಣ ತೋಟಕ್ಕೆ ವಾರಕ್ಕೊಮ್ಮೆ ಅದೇ ಕಾರಿನಲ್ಲಿ ಹೋಗಿಬರುತ್ತಾರೆ. ಹೋದ ಮಳೆಗಾಲದಲ್ಲಿ ವಾಪಸು ಬರುವಾಗ, ಮಂಜು ಇಳಿದ ಹೊತ್ತಿನಲ್ಲಿ, ದನ ಅಡ್ಡ ಬಂತೆಂದು ಬ್ರೇಕ್ ಒತ್ತಿದ್ದಾರೆ. ಹಿಂದಿದ್ದ ಲಾರಿ ಟೈರು ಕಿರುಚಿಸಿಕೊಂಡು ಡಿಕ್ಕಿಯಿಂದ ಗೇಣು ದೂರದಲ್ಲಿ ನಿಂತಿದೆ. (ಕಾರಿನ ಹಿಂಭಾಗಕ್ಕೂ ಅಪಘಾತಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಆವತ್ತಿನವರೆಗೆ ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು.) ಡ್ರೈವರ್ ಇಳಿದು ಬಂದವನು ಬೈಯಲಿಲ್ಲವಂತೆ. ‘ಯಜಮಾನ್ರೇ, ನಿಮ್ಮ ಬ್ರೇಕ್ ಲೈಟು ಹತ್ತಿದ್ದೇ ನಂಗೆ ಕಾಣ್ಲಿಲ್ಲ’ ಅಂದನಂತೆ, ಅಷ್ಟೇ. ಇದನ್ನು ನನಗೆ ಹೇಳಿದ್ದು ಅಮ್ಮ. ಅಪ್ಪ ಬಾಯಿ ಬಿಟ್ಟಿರಲಿಲ್ಲ.

ಅಣ್ಣ ಫೋನಿನಲ್ಲೇ ತೀರ್ಮಾನ ಹೇಳಿದ: ಕಾರು ಮಾರಿಬಿಡೋಣ, ಅಪ್ಪನಿಗೆ ಡ್ರೈವರ್ ಇಡೋಣ. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಒಂದು ತಿಂಗಳು ಕೊಡು ಎಂದೆ. ಅಪ್ಪನ ಕಣ್ಣು ಪರೀಕ್ಷೆ ಮಾಡಿಸುವುದು, ಕಾರಿನ ಹಿಂದಿನ ದೀಪ ಸರಿ ಮಾಡುವುದು, ಎರಡೂ ಆ ತಿಂಗಳಿನಲ್ಲೇ ಎಂದು ಒಪ್ಪಂದವಾಯಿತು. ಕಣ್ಣಿಗೆ ಕನ್ನಡಕದ ನಂಬರ್ ಬದಲಾಯಿತು, ಪೊರೆ ಇರಲಿಲ್ಲ. ದೀಪದ ಕೆಲಸವೇ ಹೆಚ್ಚಿತ್ತು.

ಬಲ್ಬ್ ಹಳೆಯದಾಗಿರಬೇಕು ಎಂದು ಅಪ್ಪ ಅದಾಗಲೇ ಹೊಸದು ಹಾಕಿಸಿದ್ದರು, ಬೆಳಕು ಹಾಗೇ ಇತ್ತು. ಮೀಟರ್ ಹಿಡಿದು ನೋಡಿದೆ. ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಬ್ರೇಕ್ ಒತ್ತಿದಾಗ ಹೋಲ್ಡರ್‌ನಲ್ಲಿ 9.8. ಐದನೇ ಒಂದು ಭಾಗ ತಾನೇ ಹೋದದ್ದು ಅನ್ನಿಸಬಹುದು. ಆದರೆ ತಂತಿ ಕಾದು ಉರಿಯುವ ಬಲ್ಬಿನಲ್ಲಿ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ. ಇಷ್ಟು ಇಳಿದರೆ ಅರ್ಧಕ್ಕಿಂತ ಕಡಿಮೆ ಬೆಳಕು ಉಳಿಯುತ್ತದೆ. ಆ 2.6 ವೋಲ್ಟಿನಲ್ಲಿ 1.9 ಕಳೆದುಹೋಗುತ್ತಿದ್ದುದು ಅರ್ಥಿಂಗ್ ಕಡೆ. ಇಂಥ ಕಾರುಗಳಲ್ಲಿ ಬಲ್ಬಿಗೆ ಹೋಗುವ ಕರೆಂಟಿಗೆ ವೈರ್ ಇದೆ, ವಾಪಸು ಬರುವುದಕ್ಕೆ ಇಲ್ಲ, ಕಾರಿನ ತಗಡೇ ದಾರಿ. ದೀಪದ ಬುಡ ತಗಡಿಗೆ ತಾಗುವ ಜಾಗದಲ್ಲಿ ತುಕ್ಕು ಹಿಡಿದರೆ ದಾರಿ ಮುಚ್ಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಎಡಗಡೆಯ ಇಂಡಿಕೇಟರ್ ಮಿಣಿಮಿಣಿ ಅನ್ನುತ್ತಿದ್ದುದೂ ಅದಕ್ಕೇ: ನೇರ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ವಾಪಸಾಗುತ್ತಿತ್ತು.

ಎರಡು ಭಾನುವಾರ ಇದಕ್ಕೇ ಹೋಯಿತು. ದೀಪ ಬಿಚ್ಚಿ, ಬುಡದ ತುಕ್ಕನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಲೋಹ ಹೊಳೆಯುವವರೆಗೆ ಬಿಡಲಿಲ್ಲ. ಎರಡೂ ಹೋಲ್ಡರ್‌ಗಳಿಂದ ಬೇರೆ ಅರ್ಥ್ ವೈರ್ ಎಳೆದು ಡಿಕ್ಕಿಯೊಳಗೆ ಒಂದೇ ಬೋಲ್ಟಿಗೆ ಬಿಗಿದೆ. ಹೊಸ ಗಾಜು ತರೋಣವೆಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಸಿಕ್ಕವು ತೆಳು ಕೆಂಪಿನ ನಕಲಿಗಳು, ಬೆಳಕು ಹತ್ತಿಸಿದರೆ ಕಿತ್ತಳೆಯಂತೆ ಕಾಣುತ್ತಿದ್ದವು. ಗಾಜು ಅನ್ನುತ್ತೇವೆ, ಅದು ಪ್ಲಾಸ್ಟಿಕ್ಕೇ. ಹಳೆಯದನ್ನೇ ವಾಟರ್ ಪೇಪರಿನಲ್ಲಿ, 800ರಿಂದ ಶುರುಮಾಡಿ 2000ದವರೆಗೆ, ನೀರು ಬಿಟ್ಟು ತಿಕ್ಕಿ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದೆ. ಹೊರಮೈ ಮಾತ್ರ. ಒಳಮೈಯಲ್ಲಿ ಬೆಳಕು ಹರಡುವ ಸಣ್ಣ ಸಣ್ಣ ಏಣುಗಳಿವೆ, ಅವನ್ನು ಸವೆಸಿದರೆ ದೀಪವೇ ಕುರುಡಾಗುತ್ತದೆ. ಒಡೆದಿದ್ದ ಎಡಗಡೆಯ ಕೇಸರಿ ಗಾಜಿಗೆ ಗುಜರಿಯಲ್ಲಿ ಜೋಡಿ ಸಿಕ್ಕಿತು.

ಇಷ್ಟಾದ ಮೇಲೆ ಹಳೇ 21 ವ್ಯಾಟ್ ಬಲ್ಬೇ ಚೆನ್ನಾಗಿ ಉರಿಯತೊಡಗಿತು. ‘ಸಾಕಲ್ಲ ಪುಟ್ಟಿ’ ಅಂದರು ಅಪ್ಪ. ಎಲ್‌ಇಡಿ ಹಾಕುತ್ತೇನೆ ಎಂದಾಗ ಮುಖ ಗಂಟಿಕ್ಕಿದರು. ಕಾರಿನಲ್ಲಿ ಇದ್ದದ್ದು ಇದ್ದಹಾಗೇ ಇರಬೇಕು ಎನ್ನುವುದು ಅವರ ವಾದ, ನನಗೂ ಅದು ಅರ್ಥವಾಗುತ್ತದೆ. ಮೂಲ ರೂಪ ಕೆಡಿಸಿ ಮಿಣಮಿಣ ದೀಪ ತುಂಬಿದ ಹಳೇ ಕಾರುಗಳನ್ನು ಕಂಡರೆ ನನಗೂ ಸಂಕಟವೇ. ಆದರೆ ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿಗೆ ಆ ಹೊತ್ತು ಬೇಡ. ಹಿಂದಿನವನು ಗಂಟೆಗೆ 70 ಕಿಲೋಮೀಟರಿನಲ್ಲಿದ್ದರೆ ಅಷ್ಟರಲ್ಲಿ 3.9 ಮೀಟರ್ ಮುಂದೆ ಬಂದಿರುತ್ತಾನೆ. ನಮ್ಮ ಫಿಯೆಟ್ಟಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಗಣಿತದ ಮೇಷ್ಟ್ರು. ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ತಾವೇ ಒಮ್ಮೆ ಮಾಡಿ ನೋಡಿ ಸುಮ್ಮನಾದರು.

ಎಲ್‌ಇಡಿಯಲ್ಲೂ ಕಂಡಕಂಡದ್ದು ಹಾಕುವಂತಿಲ್ಲ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಮಂಕು, ಏಕೆಂದರೆ ಅದರ ಬಿಳಿಯಲ್ಲಿ ನೀಲಿ-ಹಳದಿಯೇ ಹೆಚ್ಚು, ಕೆಂಪು ಕಡಿಮೆ. ಉಳಿದದ್ದನ್ನು ಗಾಜು ನುಂಗಿಬಿಡುತ್ತದೆ. ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ಬೆಳಕು ಹಿಮ್ಮುಖವಾಗಿ ಮಾತ್ರ ಹೋದರೂ ಸಾಲದು, ಪಕ್ಕಕ್ಕೂ ಹರಡಿ ಒಳಗಿನ ರಿಫ್ಲೆಕ್ಟರ್ ತುಂಬಬೇಕು. ಇನ್ನೂ ಮುಖ್ಯವಾದದ್ದು ಪಾರ್ಕಿಂಗ್ ಬೆಳಕಿಗೂ ಬ್ರೇಕಿನ ಬೆಳಕಿಗೂ ಇರುವ ಅಂತರ. ಹಳೇ ಬಲ್ಬಿನಲ್ಲಿ ಒಂದೇ ಬುರುಡೆಯೊಳಗೆ ಎರಡು ತಂತಿ, 5 ವ್ಯಾಟಿನದು ಮತ್ತು 21ರದು. ಬುಡದ ಎರಡು ಮೊಳೆಗಳೂ ಬೇರೆ ಬೇರೆ ಎತ್ತರದಲ್ಲಿರುವುದರಿಂದ ತಿರುಗುಮುರುಗಾಗಿ ಕೂರುವುದೇ ಇಲ್ಲ. ನಾನು ಪರೀಕ್ಷಿಸಿದ ಅಗ್ಗದ ಎಲ್‌ಇಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಪ್ರಕಾಶ. ಕತ್ತಲಲ್ಲಿ ಬ್ರೇಕ್ ಒತ್ತಿದರೆ ಒತ್ತಿದಂತೆಯೇ ತಿಳಿಯದು. ಅದು ಕಸದಬುಟ್ಟಿಗೆ ಹೋಯಿತು.

ಜಗಳ ಉಳಿದದ್ದು ಇಂಡಿಕೇಟರಿನ ವಿಷಯಕ್ಕೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಪುಟ್ಟ ಡಬ್ಬಿ ಇದೆ, ಫ್ಲ್ಯಾಶರ್. ಬಲ್ಬಿಗೆ ಹೋಗುವ ಕರೆಂಟಿನ ಬಿಸಿಗೆ ಅದರೊಳಗಿನ ಲೋಹ ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ, ಟಿಕ್ ಟಿಕ್. ಎಲ್‌ಇಡಿ ಎಳೆಯುವ ಕರೆಂಟು ಅದನ್ನು ಬಿಸಿ ಮಾಡಲು ಸಾಲುವುದಿಲ್ಲ, ಡಬ್ಬಿಯನ್ನೂ ಬದಲಿಸಬೇಕಾಗುತ್ತದೆ. ನಮಗೆ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಭಾಯ್ ಎಲೆಕ್ಟ್ರಾನಿಕ್ ಫ್ಲ್ಯಾಶರ್ ತಂದೂ ಇಟ್ಟಿದ್ದರು. ಅಪ್ಪ ಬೇಡ ಅಂದರು. ಹಿಂದಿನ ಬಲ್ಬೊಂದು ಸುಟ್ಟರೆ ಈ ಡಬ್ಬಿಯ ತಾಳ ತಪ್ಪುತ್ತದೆ, ಇಷ್ಟು ವರ್ಷ ತಮಗೆ ಹಿಂದಿನ ಸುದ್ದಿ ಹೇಳಿದ್ದು ಅದೊಂದೇ ಅಂತ. ಭಾಯ್ ನನ್ನ ಕಡೆ ನೋಡಿ, ‘ಮೇಷ್ಟ್ರು ಹೇಳೋದು ಸರಿ ಐತೆ ಮೇಡಂ’ ಎಂದರು. ನನಗೂ ಒಪ್ಪಿಗೆಯಾಯಿತು. ಕೇಸರಿ ಗಾಜಿನ ಹಿಂದೆ ಈಗಲೂ ತಂತಿಯ ಬಲ್ಬೇ ಇದೆ.

ಸಂಜೆ ಮಬ್ಬಾದ ಮೇಲೆ ಕಾರನ್ನು ಬೀದಿಗೆ ತಂದೆವು. ಬೇರೆ ಯಾವತ್ತಾದರೂ ಸ್ಟೀರಿಂಗ್ ಮುಂದೆ ಅಪ್ಪ ಕೂತು ‘ಹತ್ತಿತಾ?’ ಎಂದು ಕೂಗುವುದು, ಹಿಂದೆ ನಿಂತ ಅಮ್ಮನೋ ನಾನೋ ‘ಹತ್ತಿತು’ ಅನ್ನುವುದು ರೂಢಿ. ಆವತ್ತು ನನ್ನನ್ನು ಒಳಗೆ ಕೂರಿಸಿ ಅವರೇ ಹಿಂದಕ್ಕೆ ಹೋದರು. ನಾನು ಒತ್ತಿದೆ, ಬಿಟ್ಟೆ. ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ ಮೂವತ್ತು ಹೆಜ್ಜೆ ಆಚೆ ಹಾಲಿನ ಬೂತಿನ ಹತ್ತಿರ ಬಿಳಿ ಅಂಗಿ ಒಂದು ಕೆಂಪಾಗುತ್ತಿತ್ತು, ಮತ್ತೆ ಬಿಳಿಯಾಗುತ್ತಿತ್ತು. ‘ಇನ್ನೊಂದ್ಸಲ’ ಅಂದರು. ಎಷ್ಟು ಸಲವೋ ಲೆಕ್ಕ ಇಡಲಿಲ್ಲ.

ಅಣ್ಣ ಮಾರುವ ಮಾತು ಸದ್ಯಕ್ಕೆ ಎತ್ತಿಲ್ಲ, ಆದರೆ ಮಂಜಿನ ದಿನ ಸಂಜೆ ಐದರೊಳಗೆ ಮನೆ ಸೇರಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಾನೆ. ದೀಪದ ಅಡಿಯಲ್ಲಿ ನೀರು ಹರಿದುಹೋಗುವ ತೂತಿಗೆ ಮಣ್ಣು ಕಟ್ಟದಂತೆ ನೋಡಿಕೊಳ್ಳುವ ಕೆಲಸ ಅಮ್ಮನದು, ಅದಕ್ಕೊಂದು ಊದುಬತ್ತಿಯ ಕಡ್ಡಿ ಇಟ್ಟುಕೊಂಡಿದ್ದಾರೆ. ಗುಜರಿಯಿಂದ ತಂದ ಎಡಗಡೆಯ ಕೇಸರಿ ಬಲಗಡೆಯದಕ್ಕಿಂತ ತುಸು ಮಾಸಲು. ಜೋಡಿ ಸಿಕ್ಕರೆ ತರುತ್ತೇನೆ ಎಂದರೆ ಅಪ್ಪ, ಅದು ಯಾರ ಕಾರಿನದೋ ಏನೋ, ಇರಲಿ ಬಿಡು, ಅನ್ನುತ್ತಾರೆ.