ಮರುಭೂಮಿಗೆ ಹೂ ಬಿಡುವ ಹೊತ್ತು

ಅರಿಜೋನಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಗ್ರ್ಯಾಂಡ್ ಕ್ಯಾನ್ಯನ್. ಫೀನಿಕ್ಸ್ ಕಡೆ ಕೆಲಸಕ್ಕೆ ಬಂದ ಕನ್ನಡಿಗರೂ ವೀಕೆಂಡ್ ಸಿಕ್ಕರೆ ಉತ್ತರಕ್ಕೇ ಕಾರು ತಿರುಗಿಸ್ತೀವಿ. ಏಪ್ರಿಲ್‌ನಲ್ಲಿ ಒಮ್ಮೆ ದಕ್ಷಿಣಕ್ಕೆ, ಎರಡು ಗಂಟೆ ದೂರದ ಟೂಸಾನ್ ಕಡೆ ಹೋಗಿ ನೋಡಿ. ಸೊನೊರಾನ್ ಮರುಭೂಮಿಯ ಮರಗಳು ಹೂ ಬಿಡುವ ಕಾಲ ಅದು.

ಮೊದಲ ಸರದಿ ಪಾಲೊ ವರ್ಡೆಯದು. 1954ರಿಂದ ಇದು ಅರಿಜೋನಾದ ರಾಜ್ಯವೃಕ್ಷ. ಸ್ಪ್ಯಾನಿಷ್‌ನಲ್ಲಿ ಈ ಹೆಸರಿಗೆ 'ಹಸಿರು ಕೋಲು' ಅಂತ ಅರ್ಥ. ಕಾಂಡ, ಕೊಂಬೆ ಎಲ್ಲವೂ ಹಸಿರೇ. ಮಳೆ ಕೈಕೊಟ್ಟರೆ ನೀರು ಉಳಿಸಲು ಎಲೆ ಉದುರಿಸಿಬಿಡುತ್ತೆ, ಆಗ ತೊಗಟೆಯೇ ಬಿಸಿಲಲ್ಲಿ ಆಹಾರ ತಯಾರಿಸುತ್ತೆ. ಮಾರ್ಚ್ ಕೊನೆಗೆ ಹಳ್ಳದ ದಂಡೆಯ ಮರಗಳು ಹಳದಿಯಾಗುತ್ತವೆ. ಕೆಲವು ವಾರ ಬಿಟ್ಟು ಗುಡ್ಡದ ಇಳಿಜಾರಿನ ಇನ್ನೊಂದು ಜಾತಿ ಅರಳುತ್ತೆ. ಉದುರಿದ ಹೂವು ದಾರಿಯುದ್ದಕ್ಕೂ ಅರಿಶಿನ ಚೆಲ್ಲಿದ ಹಾಗೆ ಬಿದ್ದಿರುತ್ತೆ.

ಮೇ ಹೊತ್ತಿಗೆ ಐರನ್‌ವುಡ್ ಸರದಿ. ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ ಕಟ್ಟಿಗೆ, ಮೇಲೆ ತಿಳಿ ನೇರಳೆ ಹೂವು. ಹತ್ತಿರದಿಂದ ನೋಡಿದ್ರೆ ನಮ್ಮೂರ ಹೊಂಗೆ ಹೂವೇ ನೆನಪಾಗುತ್ತೆ. ಎರಡೂ ಅವರೆ, ತೊಗರಿಯ ಕುಟುಂಬದವೇ.

ಹೂವಿನ ಫೋಟೊ ಆದಮೇಲೆ ಬಗ್ಗಿ ಮರದ ಬುಡ ನೋಡಿ. ಅಲ್ಲಿ ಪುಟ್ಟ ಸವಾರೊ ಕಳ್ಳಿ ಇರಬಹುದು. ಸಿನಿಮಾಗಳಲ್ಲಿ ಕೈ ಎತ್ತಿ ನಿಂತಿರುತ್ತಲ್ಲ, ಅದೇ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯೋದು ಒಂದು, ಒಂದೂವರೆ ಇಂಚು ಅಷ್ಟೇ. ಬೇಸಿಗೆಯ ಬಿಸಿಲು, ಚಳಿಗಾಲದ ಹಿಮ ಎರಡರಿಂದಲೂ ಅದನ್ನು ಕಾಯೋದು ಈ ಮರದ ನೆರಳು. ಕೈ ಮೂಡೋಕೆ ಐವತ್ತು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಎಷ್ಟೋ ಕಡೆ ಸಾಕಿದ ಮರವೇ ಸತ್ತಿರುತ್ತೆ.

ಈಗ ಇವೆರಡಕ್ಕೂ ಬಫೆಲ್ ಹುಲ್ಲಿನ ಕಾಟ. ಆಫ್ರಿಕಾ, ಏಷ್ಯಾ ಮೂಲದ ಇದು ನಮ್ಮ ದೇಶದಲ್ಲಿ ಸಹಜವಾಗಿ ಬೆಳೆಯುವ ಹುಲ್ಲು. ಇಲ್ಲಿಗೆ ದನದ ಮೇವಿಗೆಂದು ತಂದರು. ಮರುಭೂಮಿಯಲ್ಲಿ ಗಿಡಗಳ ನಡುವೆ ಖಾಲಿ ಜಾಗ ಇರೋದ್ರಿಂದ ಬೆಂಕಿ ಹಬ್ಬುತ್ತಿರಲಿಲ್ಲ. ಹುಲ್ಲು ಆ ಜಾಗ ತುಂಬಿದೆ, ಒಣಗಿದಾಗ ಕಿಡಿ ಬಿದ್ದರೆ ಸಾಕು. ಬೆಂಕಿ ತಾಳಿಕೊಳ್ಳೋದು ಈ ಮರಕ್ಕೂ ಗೊತ್ತಿಲ್ಲ, ಕಳ್ಳಿಗೂ ಗೊತ್ತಿಲ್ಲ. ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ನಮ್ಮ ಬಯಲುಸೀಮೆಯ ಕೆರೆಯಂಗಳ, ಗೋಮಾಳಗಳಲ್ಲಿ ಹಬ್ಬಿದ್ದನ್ನು ಕಂಡವರಿಗೆ ಈ ಕಥೆ ಹೊಸದಲ್ಲ. ಟೂಸಾನ್ ಸುತ್ತಮುತ್ತ ಸ್ವಯಂಸೇವಕರು ಗುದ್ದಲಿ ಹಿಡಿದು ಈ ಹುಲ್ಲನ್ನು ಬೇರುಸಮೇತ ಕೀಳ್ತಾರೆ. ನಾವೂ ಒಂದು ಬೆಳಗ್ಗೆ ಜೊತೆಗೂಡಬಹುದು.

ಪಾಲೊ ವರ್ಡೆಗೆ ಸವಾರೊ ನ್ಯಾಷನಲ್ ಪಾರ್ಕ್ ಸಾಕು. ಐರನ್‌ವುಡ್‌ಗೆ ಟೂಸಾನ್ ವಾಯವ್ಯದಲ್ಲಿ, 2000ದಲ್ಲಿ ರಕ್ಷಿತ ಪ್ರದೇಶವಾದ ಐರನ್‌ವುಡ್ ಫಾರೆಸ್ಟ್‌ಗೆ ಹೋಗಿ. ಅಲ್ಲಿ ಕುಡಿಯೋ ನೀರು ಸಿಗಲ್ಲ, ದಾರಿ ಹೆಚ್ಚಾಗಿ ಮಣ್ಣಿನದು. ನೀರು ಧಾರಾಳವಾಗಿ ಒಯ್ಯಿರಿ, ಸೂರ್ಯ ಹುಟ್ಟೋ ಹೊತ್ತಿಗೇ ಅಲ್ಲಿರಿ. ಮರದ ಕೆಳಗೆ ಕಾಲಿಡುವ ಮುಂಚೆ ನೆಲ ನೋಡಿ, ಎಂಟು ವರ್ಷದ ಕಳ್ಳಿ ನಿಮ್ಮ ಹೆಬ್ಬೆರಳಿಗಿಂತ ಚಿಕ್ಕದು.