ಮಾಳಿಗೆ ಮನೆ ಬಿಚ್ಚಿದ ವರ್ಷ

ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಮಾಳಿಗೆ ಮನೆಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಉಮದಿ, ಸಂಖ, ಬಾಲಗಾಂವ ಎತ್ತ ಹೋದರೂ ಕುಸಿದ ಗೋಡೆ, ಬೀಗ ಜಡಿದ ಬಾಗಿಲು, ಪಕ್ಕದಲ್ಲೇ ಸ್ಲ್ಯಾಬ್ ಹಾಕಿದ ಹೊಸ ಮನೆ. ನಮ್ಮ ಮನೆತನದ ಮೊದಲ ಮನೆಯೂ ಹೀಗೇ ಹೋಯಿತು.

ಮಾಳಿಗೆ ಮನೆಗೆ ವರ್ಷ ವರ್ಷವೂ ಮನುಷ್ಯರ ಕೈ ಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆ, ಬೇವಿನ ಕಂಬ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಾಸಿದ ಕಟ್ಟಿಗೆ, ಎಲ್ಲಕ್ಕೂ ಮೇಲೆ ಮಣ್ಣಿನ ಹೊದಿಕೆ. ರೋಹಿಣಿ ಮಳೆ ಬೀಳುವ ಮುಂಚೆ ಚಕ್ಕಡಿಯಲ್ಲಿ ಸವಳು ಮಣ್ಣು ತಂದು ಬುಟ್ಟಿ ಬುಟ್ಟಿಯಾಗಿ ಮೇಲೇರಿಸಿ ಹರವಬೇಕು. ಮೊದಲ ಮಳೆಗೆ ಆ ಮಣ್ಣು ಹಿಗ್ಗಿ ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಒಂದು ವರ್ಷ ತಪ್ಪಿದರೆ ಮನೆ ಸೋರುತ್ತದೆ. ನಾಲ್ಕಾರು ವರ್ಷ ತಪ್ಪಿದರೆ ಜಂತಿ ಲಡ್ಡಾಗಿ ಮಾಳಿಗೆಯೇ ಕೆಳಗಿಳಿಯುತ್ತದೆ.

ಮುತ್ಯಾ ನಮ್ಮ ಆ ಮೊದಲ ಮನೆ ಕಟ್ಟಿಸುವ ಮುಂಚೆ ನಮ್ಮವರು ಇನ್ನೊಬ್ಬರ ಜಾಗದಲ್ಲಿದ್ದರು. ಡಫಳೆ ಅರಸರ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಆಸುಪಾಸಿನಲ್ಲಿ ನಮ್ಮ ಗೋಡೆ ಎದ್ದಿತು. ಮರುವರ್ಷ ಊರು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1956ರಲ್ಲಿ ನೆರೆಯ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು, ಅದೇ ವರ್ಷ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದು ಕಾಗದದಲ್ಲೇ ಉಳಿಯಿತು. ಇಷ್ಟೆಲ್ಲ ಆಗುವಾಗ ನಮ್ಮ ಮನೆ ನಿಂತಲ್ಲೇ ನಿಂತಿತ್ತು. ಅದರ ದಾಖಲೆಯ ಉತಾರ ಮರಾಠಿಯಲ್ಲಿತ್ತು. ಒಲೆಯ ಮುಂದಿನ ಮಾತು, ಜೋಗುಳ, ಜಗಳ ಎಲ್ಲ ಕನ್ನಡದಲ್ಲಿದ್ದವು.

ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಂಪು. ಬೆಳಕಿಂಡಿಯಿಂದ ಇಳಿದ ಬಿಸಿಲು ಪಡಸಾಲಿಯ ನೆಲದ ಮೇಲೆ ಸರಿಯುತ್ತ ಹೋಗುವುದನ್ನು ನೋಡಿಯೇ ಆಯಿ ಹೊತ್ತು ಹೇಳುತ್ತಿದ್ದಳು. ಅಂಗಳದಲ್ಲಿ ನೆಲದಡಿ ಜೋಳ ತುಂಬಿಡುವ ಹಗೇವು ಇತ್ತು. ಅದನ್ನು ತೆಗೆಯುವ ದಿನ ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದರು. ಬಾಯಿಯ ಕಲ್ಲು ಸರಿಸಿ, ಒಳಗಿನ ಕಾವು ಹೋಗುವವರೆಗೆ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿಯುತ್ತಿದ್ದರೆ ಮುತ್ಯಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದ. ಮೊದಲ ಬುಟ್ಟಿ ಜೋಳ ಮೇಲೆ ಬಂದಾಗ ಹೊಮ್ಮುತ್ತಿದ್ದ ಆ ಘಾಟು ವಾಸನೆ ಆ ಮನೆಯಲ್ಲಿ ಉಂಡು ಬೆಳೆದ ಯಾರೂ ಮರೆಯುವಂಥದ್ದಲ್ಲ.

ಛಟ್ಟಿ ಅಮಾವಾಸ್ಯೆ ಬಂತೆಂದರೆ ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆ ವಿಜಾಪುರದ ಕಡೆಯಿಂದ ನಡೆದು ಬರುವವರು ನಮ್ಮ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ಅವರಿಗೆ ರೊಟ್ಟಿ, ಹಿಂಡಿ, ಮಜ್ಜಿಗೆ. ಯಾವ ಊರಿನವರೆಂದು ಕೇಳುತ್ತಿದ್ದರೇ ಹೊರತು ಯಾವ ರಾಜ್ಯದವರೆಂದು ಯಾರೂ ಕೇಳುತ್ತಿರಲಿಲ್ಲ.

ಮನೆಯಿಂದ ಕೈಗಳನ್ನು ಕಿತ್ತುಕೊಂಡದ್ದು ಬರ. 1972ರ ಬರದಲ್ಲಿ ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಆಮೇಲೆ ಒಬ್ಬ ಕಾಕಾ ಇಚಲಕರಂಜಿಯ ಮಗ್ಗಕ್ಕೆ ಹೋದ, ಇನ್ನೊಬ್ಬ ದೀಪಾವಳಿಗೆ ಮೊದಲೇ ಕಬ್ಬು ಕಡಿಯುವ ಟೋಳಿಯ ಜೊತೆ ಹೊರಟ. ಕೃಷ್ಣೆ ಇದೇ ಜಿಲ್ಲೆಯ ಪಶ್ಚಿಮದಲ್ಲಿ ಹರಿಯುತ್ತಾಳೆ. ಅವಳಿಂದ ಮ್ಹೈಸಾಳದಲ್ಲಿ ಎತ್ತಿದ ನೀರು ಜತ್ತದ ಪೂರ್ವದ ಹಳ್ಳಿಗಳನ್ನು ಮುಟ್ಟಲು ಜನ ದಶಕಗಳ ಕಾಲ ಕಾದರು. 2022ರ ಕೊನೆಗೂ ಗಡಿಯ ಹಳ್ಳಿಗಳು ನೀರಿಗಾಗಿಯೇ ಬೀದಿಗಿಳಿದಿದ್ದವು. ನೀರು ಸಿಕ್ಕ ಕಡೆ ಈಗ ದ್ರಾಕ್ಷಿ, ದಾಳಿಂಬೆ ಇವೆ. ಊರು ಬಿಟ್ಟು ಹೋದವರು ಮಾತ್ರ ಹೊರಗೇ ನೆಲೆಯೂರಿದರು. ಮಾಳಿಗೆಗೆ ಮಣ್ಣು ಹೊರಲು ಆಯಿ ಒಬ್ಬಳೇ ಉಳಿದಳು, ಆಮೇಲೆ ಅವಳೂ ಉಳಿಯಲಿಲ್ಲ.

ಬೀಗ ಹಾಕಿ ಬಿಡೋಣವೆಂದೆವು. ಇಚಲಕರಂಜಿಯಿಂದ ಬಂದ ಕಾಕಾ ಒಪ್ಪಲಿಲ್ಲ. "ಬ್ಯಾಡ ತಮ್ಮಾ, ಬೀಗ ಹಾಕಿದ ಮನಿ ನಿಂತಲ್ಲೇ ಕೊಳೀತದ. ನಮ್ಮ ಅಪ್ಪ ಕಟ್ಟ್ಯಾನ, ನಾವ ಬಿಚ್ಚೂಣು" ಎಂದ. ಜಗಲಿಯ ದೇವರನ್ನು ಮೊದಲು ಹೊರಗೆ ತಂದೆವು. ಹೊಸ್ತಿಲಿಗೆ ಅರಿಶಿಣ ಕುಂಕುಮ ಹಚ್ಚಿ ಅವ್ವ ಹಣೆ ಮುಟ್ಟಿಸಿ ನಮಸ್ಕರಿಸಿದಳು, ಬಹಳ ಹೊತ್ತು ಏಳಲಿಲ್ಲ. ಗಟ್ಟಿಯಿದ್ದ ಜಂತಿಗಳು ಊರೊಳಗಿನ ಒಬ್ಬರ ದನದ ಕೊಟ್ಟಿಗೆಗೆ ಹೋದವು. ಬಾಗಿಲ ಚೌಕಟ್ಟು ತಮ್ಮನ ಹೊಸ ಮನೆಗೆ ಸೇರಿತು. ಗೋಡೆಯ ಹಳೆಯ ಮಣ್ಣು ಒಳ್ಳೆಯ ಗೊಬ್ಬರ. ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿ ನಮ್ಮ ಹೊಲಕ್ಕೇ ಹರವಿದೆವು.

ಮಣ್ಣಿನ ಮನೆಗಳೆಲ್ಲ ಉಳಿಯಲಿ ಎಂದು ನಾನು ಹೇಳಲಾರೆ. ಸೋರುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಿದ ತಾಯಂದಿರಿಗೆ ಸಿಮೆಂಟಿನ ಮನೆ ದೊಡ್ಡ ನೆಮ್ಮದಿ. ಆದರೆ ಮೊದಲ ಮನೆಯನ್ನು ಬೀಗ ಹಾಕಿ ಮಳೆಗೆ ಒಪ್ಪಿಸಿ ಬಿಡಬೇಡಿ. ಕಟ್ಟಿದವರನ್ನು ಬಲ್ಲ ಹಿರಿಯರು ಇರುವಾಗಲೇ ಎಲ್ಲರೂ ಒಮ್ಮೆ ಅಲ್ಲಿ ಸೇರಿ. ಯಾವ ಕಂಬ ಎಲ್ಲಿಂದ ಬಂತು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಉಳಿಸುವುದಾದರೆ ವರ್ಷ ತಪ್ಪದೆ ಮಣ್ಣು ಹಾಕಿ. ಬಿಚ್ಚುವುದಾದರೆ ನಿಮ್ಮ ಕೈಯಾರೆ ಬಿಚ್ಚಿ.